ಇಳಿದುಕೊಳ್ಳುವುದು

ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಐದು ನಿಮಿಷದಲ್ಲಿ ತೀರ್ಮಾನವಾಯಿತು. ಎಲ್ಲಿ ಇಳಿದುಕೊಳ್ಳಬೇಕೆಂಬುದು ಐದು ದಿನವಾದರೂ ಬಗೆಹರಿಯಲಿಲ್ಲ. ಜನವರಿಯಲ್ಲಿ ಮೂರು ದಿನದ ರಜ ಸಿಕ್ಕಿತ್ತು. ಬೆಂಗಳೂರಿನ ಗದ್ದಲದಿಂದ ತಪ್ಪಿಸಿಕೊಂಡು ಆಲೂರು ಸಕಲೇಶಪುರದ ಗುಡ್ಡಗಳ ನಡುವೆ ಇದ್ದು ಬರೋಣವೆಂದು ಎಲ್ಲರೂ ಒಪ್ಪಿದ್ದೆವು. ಅಲ್ಲಿಂದಾಚೆಗೆ ಒಬ್ಬೊಬ್ಬರದು ಒಂದೊಂದು ದಾರಿ. ಅಳಿಯನಿಗೆ ಗುಡ್ಡದ ನೆತ್ತಿಯ ಮೇಲೆ ಈಜುಕೊಳವಿರುವ ರೆಸಾರ್ಟು ಬೇಕು. ನನ್ನಾಕೆಗೆ ಹೆದ್ದಾರಿಯ ಪಕ್ಕದ ವಸತಿಗೃಹವೇ ಸರಿ. ಅಲ್ಲಾದರೆ ಔಷಧದ ಅಂಗಡಿ ಹತ್ತಿರ. ಮಗಳು ಮಾತ್ರ ಕೆ. ಹೊಸಕೋಟೆಯ ಕಡೆಯ ಒಂದು ಕಾಫಿ ತೋಟದ ಮನೆಯನ್ನು ಫೋನಿನಲ್ಲಿ ತೋರಿಸಿ, “ಇದು ಹೋಂಸ್ಟೇ ಅಪ್ಪ, ಮನೆಯವರೂ ಅಲ್ಲೇ ಇರ್ತಾರೆ” ಎಂದಳು.

ಆ ಮನೆಯ ಚಿತ್ರಗಳ ಕೆಳಗೆ, ಹಿಂದೆ ಅಲ್ಲಿ ಇದ್ದುಹೋದವರ ಅಭಿಪ್ರಾಯಗಳಿದ್ದುವು. ಒಬ್ಬರು ಐದು ನಕ್ಷತ್ರ ಕೊಟ್ಟಿದ್ದರು. ಇನ್ನೊಬ್ಬರು ಜೀರುಂಡೆಯ ಸದ್ದಿನಿಂದ ನಿದ್ದೆ ಬರಲಿಲ್ಲವೆಂದು ಎರಡು ಕಳೆದಿದ್ದರು. ಮತ್ತೊಬ್ಬರು ಬರೆದಿದ್ದ ಮಾತು ನನ್ನ ಮನಸ್ಸಿನಲ್ಲಿ ನಿಂತಿತು: ತಮ್ಮ ಮನೆಯಲ್ಲಿ ಇದ್ದಂತೆಯೇ ಆಯಿತು, ಆದರೆ ಮನೆಯ ಯಾವ ತಾಪತ್ರಯವೂ ಇರಲಿಲ್ಲ ಎಂದು. ನಿಜವಾಗಿ ನೋಡಿದರೆ ನಮ್ಮೆಲ್ಲರ ಬಯಕೆಯೂ ಅದೇ ಅಲ್ಲವೆ? ಇಳಿದುಕೊಳ್ಳುವ ಜಾಗ ಮನೆಯಂತಿರಬೇಕು, ಮನೆಯಾಗಿರಬಾರದು. ಮನೆಯ ಬಿಸಿ ಊಟ ಬೇಕು. ಆ ಮನೆಯ ಮುದುಕರ ಕೆಮ್ಮು ಕೇಳಿಸಬಾರದು.

ಕೊನೆಗೆ ಮಗಳ ಮಾತು ಗೆದ್ದಿತು. ಬಾಡಿಗೆ ಕಡಿಮೆಯೆಂಬುದೂ ಅದಕ್ಕೆ ಕಾರಣವೆಂದು ಒಪ್ಪಿಕೊಳ್ಳುತ್ತೇನೆ.

ಕೆ. ಹೊಸಕೋಟೆಯ ‘ಕೆ.’ ಎಂದರೆ ಕೆಂಚಮ್ಮ. ಊರಿನ ಪೂರ್ಣ ಹೆಸರು ಕೆಂಚಮ್ಮನ ಹೊಸಕೋಟೆ. ಆಲೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಊರು ದಾಟಿ ಒಂದಷ್ಟು ದೂರ ಹೋದ ಮೇಲೆ ಕಾಫಿ ಗಿಡಗಳ ನಡುವೆ ಆ ಮನೆ ಸಿಕ್ಕಿತು. ಕೊಯ್ಲಿನ ಕಾಲ. ಅಂಗಳದಾಚೆ ಕಣದ ತುಂಬ ಕಾಫಿ ಹಣ್ಣು ಒಣಗಲು ಹರವಿತ್ತು. ಮನೆಯೊಡತಿ, ಐವತ್ತು ದಾಟಿದ ಹೆಂಗಸು, ಸೆರಗಿಗೆ ಕೈ ಒರಸಿಕೊಳ್ಳುತ್ತ ಬಂದು, “ಬನ್ನಿ ಸಾರ್, ದಾರಿ ಸಿಕ್ತಾ? ಒಳಗ್ ಬನ್ನಿ ಅಮ್ಮ” ಎಂದು ನನ್ನಾಕೆಯ ಕೈಚೀಲವನ್ನು ತಾವೇ ತೆಗೆದುಕೊಂಡರು.

ತೊಡಕು ಶುರುವಾದದ್ದು ಮರುದಿನ ಬೆಳಗ್ಗೆ. ಸ್ನಾನದ ನೀರು ಸೌದೆ ಒಲೆಯ ಹಂಡೆಯಲ್ಲಿ ಕಾಯಬೇಕು, ಸೌದೆ ಹಸಿ. ನಾನು ಟವಲು ಹೆಗಲಿಗೆ ಹಾಕಿಕೊಂಡು ಮುಕ್ಕಾಲು ಗಂಟೆ ಚಳಿಯಲ್ಲಿ ನಿಂತಿದ್ದೆ. ಇದು ಹೋಟೆಲಾಗಿದ್ದರೆ ನಾಲ್ಕು ಮಾತು ಆಡಬಹುದಿತ್ತು. ನೆಂಟರ ಮನೆಯಾಗಿದ್ದರೆ ಆಡುವ ಪ್ರಶ್ನೆಯೇ ಇಲ್ಲ. ಇಲ್ಲಿ ನಾನು ಯಾರು? ಗಿರಾಕಿಯಾಗಿ ದೂರಲೆ, ನೆಂಟನಾಗಿ ಸಹಿಸಲೆ? ಒಲೆಯ ಮುಂದೆ ಊದುಗೊಳವೆ ಹಿಡಿದು ಕೆಮ್ಮುತ್ತಿದ್ದ ಆಕೆಯನ್ನು ನೋಡಿ ಸುಮ್ಮನಾದೆ. ಆದರೆ ಸುಮ್ಮನಾದದ್ದಕ್ಕಾಗಿ ನನ್ನನ್ನು ನಾನೇ ಮೆಚ್ಚಿಕೊಂಡೆ. ಆ ಮೆಚ್ಚಿಗೆಯೇ, ನಾನು ಇನ್ನೂ ಗಿರಾಕಿಯಾಗಿಯೇ ಇದ್ದೆನೆಂಬುದಕ್ಕೆ ಸಾಕ್ಷಿ.

ಹಿಂದಿನವರಿಗೆ ಈ ಇಕ್ಕಟ್ಟು ಇರಲಿಲ್ಲ. ಅತಿಥಿಯೆಂದರೆ ತಿಥಿ ಗೊತ್ತುಮಾಡದೆ ಬರುವವನು ಎಂದು ಪಂಡಿತರು ಅರ್ಥ ಹೇಳುತ್ತಾರೆ. ಅವನಿಗೆ ಆಯ್ಕೆಯೇ ಇಲ್ಲ. ಕತ್ತಲಾದಾಗ ಎದುರಾದ ಮನೆಯ ಜಗಲಿಯೇ ಅವನ ಬಿಡಾರ. ಆ ದಿನ ಬೆಂದದ್ದೇ ಅವನ ಊಟ. ನಾವಾದರೋ ತಿಥಿ, ಕೋಣೆ, ಬೆಲೆ ಎಲ್ಲ ಗೊತ್ತುಮಾಡಿಕೊಂಡು ಹೊರಡುವವರು. ಹಾಗೆಂದು ಹಳೆಯ ಕಾಲವನ್ನು ಹೊಗಳಲು ನಾನು ಸಿದ್ಧನಿಲ್ಲ. ಆ ಜಗಲಿ ಎಲ್ಲರಿಗೂ ತೆರೆದಿರಲಿಲ್ಲ. ಬಂದವನ ಹಸಿವನ್ನು ಕೇಳುವುದಕ್ಕೆ ಮುಂಚೆ ಜಾತಿಯನ್ನು ಕೇಳುವವರೇ ಹೆಚ್ಚು. ಉತ್ತರ ಸರಿಯಿಲ್ಲದಿದ್ದರೆ ಅತಿಥಿ ಅಂಗಳದಲ್ಲೇ ನಿಲ್ಲಬೇಕು. ಫೋನಿನಲ್ಲಿ ಮುಂಗಡ ಕಟ್ಟುವಾಗ ಯಾರೂ ನನ್ನ ಕುಲಗೋತ್ರ ಕೇಳಲಿಲ್ಲ. ಎಲ್ಲೆಡೆಯೂ ಹಾಗೆಯೇ ಎನ್ನಲಾರೆ. ಆದರೂ ಧರ್ಮವು ಮುಚ್ಚಿಟ್ಟಿದ್ದ ಕೆಲವು ಬಾಗಿಲುಗಳನ್ನು ದುಡ್ಡು ತೆರೆದಿದೆ. ಆ ಮಟ್ಟಿಗೆ ದುಡ್ಡಿಗೆ ಕೃತಜ್ಞರಾಗಿರಬೇಕು.

ಆದರೆ ದುಡ್ಡು ತೆರೆಯುವ ಬಾಗಿಲಿನೊಳಗೆ ದುಡ್ಡಿನಿಂದ ತೀರದ ಲೆಕ್ಕಗಳೂ ಇರುತ್ತವೆ. ಅದು ನನಗೆ ತಿಳಿದದ್ದು ಆ ಸಂಜೆ.

ಮನೆಯ ಹಿಂದಿನ ಗುಡ್ಡದಿಂದ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆಂದು ಮಗಳು ಓದಿದ್ದಳು. ದಾರಿ ತೋರಿಸಲು ತೋಟದಲ್ಲಿ ಕೆಲಸ ಮಾಡುವ ಒಬ್ಬಾತನನ್ನು ಮನೆಯೊಡತಿ ಜತೆಗೆ ಕಳಿಸಿದರು. ಆರು ಗಂಟೆಗೆಲ್ಲ ಇಳಿದುಬಿಡಿ ಎಂದು ಹೇಳಿಯೂ ಹೇಳಿದರು. ಆಲೂರು ಸಕಲೇಶಪುರದ ಕಡೆ ಕಾಡಾನೆಗಳ ಕಾಟ ಹೊಸದಲ್ಲ. ಹೈಕೋರ್ಟಿನ ಆದೇಶದಂತೆ ರಚಿತವಾದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಾಗ ಈ ಸೀಮೆಯ ಆನೆಗಳ ಪ್ರಶ್ನೆಯೂ ಅದರ ಮುಂದಿತ್ತು. ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ, 2023ರ ಡಿಸೆಂಬರ್ 4ರಂದು, ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾದಾಡಿ ಪ್ರಾಣ ಬಿಟ್ಟಿತು. ಇವೆಲ್ಲ ನಾನು ಪತ್ರಿಕೆಯಲ್ಲಿ ಓದಿದ್ದ ಸಂಗತಿಗಳೇ. ಓದಿದ್ದು ಬೇರೆ, ತಿಳಿದದ್ದು ಬೇರೆ.

ಗುಡ್ಡದ ಮೇಲೆ ಮೋಡ ಅಡ್ಡ ಬಂದಿತ್ತು. ಸೂರ್ಯ ಈಗ ಕಂಡಾನು, ಆಗ ಕಂಡಾನು ಎಂದು ಕಾದೆವು. ಆತ ಎರಡು ಸಲ, “ಹೊತ್ತಾಯ್ತು ಸಾರ್, ಹೊರಡಣ” ಎಂದ. “ಇನ್ನೈದು ನಿಮಿಷ” ಎಂದೆ ನಾನು. ಇಷ್ಟು ದೂರ ಬಂದು, ಇಷ್ಟು ದುಡ್ಡು ಕೊಟ್ಟು, ನೋಡದೆ ಹೋಗುವುದೆ? ಐದು ನಿಮಿಷ ಇಪ್ಪತ್ತಾಯಿತು. ಕೊನೆಗೆ ಮೋಡದ ಸೀಳಿನಿಂದ ಸೂರ್ಯ ಕಂಡ. ಮಗಳು ಚಿತ್ರ ತೆಗೆದಳು. ಟಾರ್ಚಿನ ಬೆಳಕಿನಲ್ಲಿ ಆತ ಮುಂದೆ, ನಾವು ಹಿಂದೆ, ಸುರಕ್ಷಿತವಾಗಿ ಮನೆ ಸೇರಿದೆವು. ಬಿಸಿ ಬಿಸಿ ಅಕ್ಕಿರೊಟ್ಟಿ ತಿಂದು ಮಲಗಿದೆವು.

ಬೆಳಗ್ಗೆ ನಾನು ಹಲ್ಲುಜ್ಜುತ್ತ ಕಣದ ಕಡೆ ಹೋದಾಗ ಆತ ಕಾಫಿ ಗೋದಾಮಿನೊಳಗಿಂದ ಗೋಣಿಚೀಲ ಕೊಡವಿಕೊಂಡು ಹೊರಗೆ ಬರುತ್ತಿದ್ದ. ಮನೆಯೊಡತಿಯನ್ನು ಕೇಳಿದೆ. “ಅವ್ರ ಮನೆ ಆಚೆ ದಿಣ್ಣೆ ಮೇಲೆ ಸಾರ್. ಕತ್ಲಾದ್ಮೇಲೆ ಆ ದಾರೀಲಿ ಯಾರೂ ಓಡಾಡಲ್ಲ. ರಾತ್ರಿ ಆನೆ ನಿಂತದೆ ಅಂತ ಫೋನಿಗೆ ಸುದ್ದಿ ಬಂತು. ಮಗೀಗೆ ಜ್ವರ ಅಂತ ಬೇಗ ಹೋಗ್ಬೇಕು ಅಂದಿದ್ರು, ಆಗ್ಲಿಲ್ಲ” ಎಂದರು. ಅದರಲ್ಲಿ ದೂರೇನೂ ಇರಲಿಲ್ಲ. ಮಳೆ ಬಂತು ಎಂದಷ್ಟೇ ಸಹಜವಾಗಿ ಹೇಳಿದರು.

ನಾನು ಒಳಗೆ ಹೋಗಿ ಐನೂರು ರೂಪಾಯಿ ತಂದು ಆತನ ಕೈಗೆ ಕೊಟ್ಟೆ. ಆತ ಬೇಡವೆನ್ನಲಿಲ್ಲ. ಜೇಬಿಗೆ ಹಾಕಿಕೊಂಡು, “ಸೂರ್ಯ ಚೆನ್ನಾಗ್ ಕಾಣ್ತಾ ಸಾರ್?” ಎಂದು ಕೇಳಿದ. ಕುಹಕವಲ್ಲ; ನಿಜವಾಗಿಯೇ ಕೇಳಿದ. ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ.

ಎಲ್ಲಿ ಇಳಿದುಕೊಳ್ಳಬೇಕೆಂದು ನಾವು ಐದು ದಿನ ಚರ್ಚಿಸಿದ್ದೆವು. ನಮ್ಮ ಇಪ್ಪತ್ತು ನಿಮಿಷದ ದೆಸೆಯಿಂದ ಆ ರಾತ್ರಿ ಎಲ್ಲಿ ಮಲಗಬೇಕೆಂಬ ಆಯ್ಕೆ ಒಬ್ಬ ತಂದೆಗೆ ಇಲ್ಲದೆ ಹೋಯಿತು.

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಪ್ರಕಟಿಸಿದ ಶಾಶ್ವತ ಶಾಂತಿಯ ಪ್ರಬಂಧದಲ್ಲಿ ಪರಸ್ಥಳದವನ ಹಕ್ಕನ್ನು ವಿಚಾರಿಸುತ್ತಾನೆ. ಭೂಮಿ ಗುಂಡಗಿದೆ, ಅದರ ಮೇಲಿನ ಜಾಗಕ್ಕೆ ಮಿತಿಯಿದೆ. ಆದ್ದರಿಂದ ಮನುಷ್ಯರು ಒಬ್ಬರನ್ನೊಬ್ಬರು ಸಹಿಸಲೇಬೇಕು. ಬಂದವನನ್ನು ಶತ್ರುವೆಂದು ಕಾಣಬಾರದು. ಆದರೆ ಬಂದವನಿಗಿರುವುದು ಭೇಟಿಯ ಹಕ್ಕು ಮಾತ್ರ. ಅತಿಥಿಯಾಗಿ ಉಳಿಯಲು ಬೇರೆಯೇ ಒಂದು ಒಪ್ಪಂದ ಬೇಕು ಎಂಬುದು ಅವನ ವಾದದ ಸಾರ. ನನ್ನ ಹತ್ತಿರ ಒಪ್ಪಂದವೇನೋ ಇತ್ತು. ಆದರೆ ಅದು ಮನೆಯೊಡತಿಯ ಜತೆ ಆದದ್ದು. ಗೋದಾಮಿನಲ್ಲಿ ಮಲಗಿದವನ ಜತೆ ನಾನು ಯಾವ ಒಪ್ಪಂದವನ್ನೂ ಮಾಡಿಕೊಂಡಿರಲಿಲ್ಲ. ಊರಿನಲ್ಲಿ ಉಳಿಯುವವನು ಒಂದು ಮನೆಯೊಡನೆ ಕರಾರು ಮಾಡಿಕೊಳ್ಳುತ್ತಾನೆ. ಸಾಲಗಾರನಾಗುವುದು ಇಡೀ ಊರಿಗೆ.

ಹಿಂದಿರುಗುವಾಗ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೋಡಿದೆವು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿ 1979ರಲ್ಲಿ ಕೆಲಸ ಪೂರೈಸಿದ ಮೇಲೆ, ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಮೇಲೇಳುವ ಗೋಡೆಗಳು. ಇಲ್ಲಿದ್ದ ಊರಿನವರು ಎಲ್ಲಿರಬೇಕೆಂಬುದನ್ನು ತೀರ್ಮಾನಿಸಿದ್ದು ನೀರಿನ ಮಟ್ಟ. ನನಗೆ ರಾಜಾರಾಯರ ‘ಕಾಂತಾಪುರ’ದ ನೆನಪಾಯಿತು. ಹಾಸನದಲ್ಲಿ ಹುಟ್ಟಿದ ಅವರು 1938ರಲ್ಲಿ ಪ್ರಕಟಿಸಿದ ಆ ಇಂಗ್ಲಿಷ್ ಕಾದಂಬರಿಯಲ್ಲೂ ಊರ ದೇವತೆ ಕೆಂಚಮ್ಮನೇ, ಹೊಳೆ ಹೇಮಾವತಿಯೇ. ಅದರ ಕೊನೆಯಲ್ಲೂ ಊರವರು ಊರು ಕಳೆದುಕೊಂಡು ಕಾಶೀಪುರದಲ್ಲಿ ನೆಲೆ ಹುಡುಕುತ್ತಾರೆ. ಎಲ್ಲಿರಬೇಕೆಂದು ಆರಿಸಿಕೊಳ್ಳುವ ಸುಖ ಲೋಕದಲ್ಲಿ ಎಲ್ಲರಿಗೂ ಹಂಚಿಕೆಯಾಗಿಲ್ಲ. ತೋಟದ ಲೈನ್ ಮನೆಗಳಲ್ಲಿರುವವರನ್ನು, ನಿಮಗೆ ಕಿಟಕಿಯಿಂದ ಯಾವ ನೋಟ ಬೇಕು ಎಂದು ಯಾರು ಕೇಳುತ್ತಾರೆ?

ಕಾರಿನಲ್ಲಿ ಇದನ್ನು ಹೇಳಿದಾಗ ಅಳಿಯ, “ಅದಕ್ಕೇ ಮಾವ ನಾನು ರೆಸಾರ್ಟು ಅಂದದ್ದು. ಅಲ್ಲಿ ಈ ಪೇಚಾಟವೇ ಇರ್ತಿರಲಿಲ್ಲ” ಎಂದ. ಯೋಚಿಸಬೇಕಾದ ಮಾತೇ. ಆದರೆ ಅಲ್ಲಿಯೂ ರಾತ್ರಿ ಪಾತ್ರೆ ತೊಳೆದು ಕತ್ತಲಲ್ಲಿ ಮನೆಗೆ ನಡೆಯುವವರು ಇದ್ದೇ ಇರುತ್ತಾರೆ; ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಹೆಚ್ಚು ಬೆಲೆ ಕೊಟ್ಟು ನಾವು ಕೊಳ್ಳುವುದು ಎಷ್ಟೋ ಸಲ ಈ ಕಾಣದಿರುವಿಕೆಯನ್ನೇ. ತೋಟದ ಮನೆಯಲ್ಲಿ ನನ್ನಿಂದಾದ ತಪ್ಪು ಮರುದಿನ ಬೆಳಗ್ಗೆ ಗೋಣಿಚೀಲ ಕೊಡವುತ್ತ ನನ್ನೆದುರಿಗೇ ಬಂತು. ಆ ಮನೆಯ ಹಿರಿಮೆ ಅದು.

“ಹಾಗಾದ್ರೆ ಇನ್ನು ಮೇಲೆ ಮನೇಲೇ ಇರೋಣ” ಎಂದಳು ನನ್ನಾಕೆ. ಅದೂ ಉತ್ತರವಲ್ಲ. ಕಾಫಿಯ ಬೆಲೆ ಬಿದ್ದ ವರ್ಷ, ಅಕಾಲ ಮಳೆಗೆ ಹಣ್ಣು ಉದುರಿದ ವರ್ಷ, ಬಂದುಹೋಗುವವರ ಎರಡು ಕೋಣೆಯ ಬಾಡಿಗೆ ಅಂಥ ಮನೆಗೆ ಆಸರೆ. ಹೋಗುವುದು ತಪ್ಪಲ್ಲ. ನಮಗೇನು ಸಿಗುತ್ತದೆಂದು ಮಾತ್ರ ಕೇಳಿ, ನಮ್ಮ ಇರವು ಅಲ್ಲಿಯವರಿಂದ ಏನನ್ನು ಕೇಳುತ್ತದೆಂದು ವಿಚಾರಿಸದೆ ಹೋಗುವುದು ತಪ್ಪು.

ಕನ್ನಡದಲ್ಲಿ ಪರಊರಿನಲ್ಲಿ ತಂಗುವುದಕ್ಕೆ ‘ಇಳಿದುಕೊಳ್ಳುವುದು’ ಎನ್ನುತ್ತೇವೆ. ಗಾಡಿಯಿಂದ, ಕುದುರೆಯಿಂದ ಇಳಿಯುತ್ತಿದ್ದ ಕಾಲದ ಮಾತಿರಬೇಕು. ನಾನು ಆ ದಿನ ಕಾರಿನಿಂದೇನೋ ಇಳಿದಿದ್ದೆ. ಕೊಟ್ಟ ದುಡ್ಡಿನ ಮೇಲಿನಿಂದ ಇಳಿದಿರಲಿಲ್ಲ.

ಊರಿಗೆ ಬಂದ ಮೇಲೆ ಮಗಳು ಫೋನು ಹಿಡಿದು, “ಎಷ್ಟು ನಕ್ಷತ್ರ ಕೊಡಲಿ ಅಪ್ಪ?” ಎಂದು ಕೇಳಿದಳು. ಐದು ಎಂದೆ. ಬಂದು ಇಳಿದುಕೊಂಡವರಿಗೆ ನಕ್ಷತ್ರ ಕೊಡುವ ಏರ್ಪಾಟು ಅದರಲ್ಲಿದೆಯೇ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಈಗ ಬೇಸಗೆಯ ರಜಕ್ಕೆ ಮತ್ತೆಲ್ಲಿಗೋ ಹೊರಡುವ ಮಾತು ಮನೆಯಲ್ಲಿ ನಡೆದಿದೆ. ಮೊನ್ನೆ ಒಂದು ಮನೆಯವರ ಜತೆ ಮಗಳು ಫೋನಿನಲ್ಲಿ ಬಾಡಿಗೆಯ ವಿಚಾರ ಮಾತಾಡುತ್ತಿದ್ದಾಗ ನಾನು ಪಕ್ಕದಿಂದ, “ಅಲ್ಲಿ ಕೆಲಸಕ್ಕೆ ಬರುವವರು ಸಂಜೆ ಎಷ್ಟು ಹೊತ್ತಿಗೆ ಮನೆಗೆ ಹೋಗಬೇಕು, ಕೇಳು” ಎಂದೆ. ಅತ್ತ ಕಡೆಯವರು ಒಂದು ಕ್ಷಣ ಸುಮ್ಮನಿದ್ದರಂತೆ. ಆಮೇಲೆ ಹೇಳಿದರು: “ಐದೂವರೆಗೆ ಬಿಟ್ಟರೆ ಒಳ್ಳೇದಮ್ಮ.”