ಪರವಶತೆಯನ್ನು ಕುರಿತು ಒಂದು ವಿಚಾರ



ಎಚ್ಚರ, ಕನಸು, ನಿದ್ದೆ ಎಂಬ ಮೂರು ಅವಸ್ಥೆಗಳು ಮನುಷ್ಯನಿಗೆ ಉಂಟೆಂದು ಎಲ್ಲರೂ ಬಲ್ಲರು. ಈ ಮೂರರಲ್ಲಿ ಯಾವದಕ್ಕೂ ಪೂರಾ ಸೇರದ ಬೇರೊಂದು ಅವಸ್ಥೆಯೂ ಉಂಟು. ಅದರಲ್ಲಿ ಕಣ್ಣು ತೆರೆದಿರುವದು, ಬಾಯಿ ಮಾತಾಡುವದು, ಕಾಲು ನಡೆಯುವದು. ಆದರೆ ಮನುಷ್ಯನು ತನ್ನ ವಶದಲ್ಲಿರುವದಿಲ್ಲ. ನಮ್ಮ ಸೀಮೆಯ ಜನರು ಇದನ್ನು ಮೈದುಂಬುವದು, ಮೈಮೇಲೆ ಬರುವದು ಎಂದು ಕರೆಯುವರು. ಗ್ರಂಥಗಳಲ್ಲಿ ಇದಕ್ಕೆ ಪರವಶತೆ ಎಂಬ ಹೆಸರುಂಟು. ಕಠಿನ ಜ್ವರದಲ್ಲಿ ಇಲ್ಲದ್ದನ್ನು ಕಾಣುವದೂ, ಬಹು ದಿವಸ ಉಪವಾಸವಿದ್ದು ಜಾಗರಣೆ ಮಾಡಿದವರಿಗೆ ಬೆಳಕು ಕಾಣಿಸುವದೂ, ಧ್ಯಾನದಲ್ಲಿ ದೇಹದ ಅರಿವು ತಪ್ಪುವದೂ ಇದರ ನೆರೆಹೊರೆಯವುಗಳೇ. ಇಂಥಾ ಅವಸ್ಥೆಯಲ್ಲಿ ಕಂಡದ್ದನ್ನು ಎಷ್ಟರ ಮಟ್ಟಿಗೆ ನಂಬತಕ್ಕದ್ದು? ಆಗ ಹೊರಟ ಮಾತು ಯಾರನ್ನು ಬಂಧಿಸತಕ್ಕದ್ದು? ಇವೇ ಈ ಲೇಖನದ ಪ್ರಶ್ನೆಗಳು.

ಇವು ಪಂಡಿತರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಗಳೆಂದು ಯಾರೂ ನೆನಸಬಾರದು. ವಿಜಯಪುರದಿಂದ ತಿಕೋಟಾ, ಬಬಲೇಶ್ವರಗಳ ಕಡೆಗೆ ಹೋಗುವ ಹಳ್ಳಿಗಳಲ್ಲಿ ಮೊಹರಮ್ ಬಂತೆಂದರೆ ಮುಸಲ್ಮಾನರು ಮಾತ್ರವಲ್ಲ, ಲಿಂಗವಂತರೂ ಇತರರೂ ಅಲಾಯಿ ಕುಣಿಯ ಸುತ್ತ ಕೂಡುವರು. ಹಲಗೆಯ ನಾದಕ್ಕೆ ದೇವರನ್ನು ಹಿಡಿದವನ ಮೈ ನಡುಗುವದು. ಆಗ ಅವನು ಮಳೆಯ ವಿಷಯ, ಬೆಳೆಯ ವಿಷಯ, ಮನೆಯ ಕಷ್ಟದ ವಿಷಯ ಹೇಳುವದನ್ನು ಜನರು ಕೈಮುಗಿದು ಕೇಳುವರು. ಎಲ್ಲಮ್ಮನ ಹೆಸರಿನಲ್ಲಿ ಮೈದುಂಬಿಸಿಕೊಳ್ಳುವವರೂ ಉಂಟು. ನಮ್ಮ ಸಭೆಗಳ ಉಪವಾಸಕೂಟಗಳಲ್ಲಿಯೂ ಯಾರಾದರೊಬ್ಬರು ಎದ್ದು, ನನಗೆ ದರ್ಶನವಾಯಿತು, ಇಂಥವರು ಹೀಗೆ ಮಾಡಬೇಕೆಂದು ತಿಳಿಸಲ್ಪಟ್ಟಿತು ಎಂದು ಹೇಳುವದಿಲ್ಲವೇ? ಆದಕಾರಣ ಪರರ ಮನೆಯ ಮಾತೆಂದು ಎಣಿಸದೆ ನಮ್ಮ ಮನೆಯ ಮಾತೆಂದೇ ಇದನ್ನು ವಿಚಾರಿಸೋಣ.

ಮೊದಲು ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಮೈದುಂಬಿದವರೆಲ್ಲರೂ ವೇಷಧಾರಿಗಳೆಂದು ಹೇಳುವದು ನ್ಯಾಯವಲ್ಲ. ಹುಡುಗತನದಲ್ಲಿ ನನಗೆ ವಿಷಮಶೀತಜ್ವರ ಬಂದಾಗ ಮಾಳಿಗೆಯ ಜಂತಿಗಳು ಎತ್ತುಗಳ ಸಾಲಾಗಿ ನಡೆಯುವದನ್ನು ಕಂಡೆನು. ತೀರಿಹೋದ ಅಜ್ಜಿಯು ನನ್ನ ಹೆಸರು ಹಿಡಿದು ಕರೆದ ಧ್ವನಿಯನ್ನು ಕೇಳಿದೆನು. ಆ ಧ್ವನಿಯ ನೆನಪು ಇಂದಿಗೂ ಮಾಸಿಲ್ಲ. ಕೇಳಿದ್ದು ಸುಳ್ಳೆಂದು ನಾನು ಹೇಳಲಾರೆನು. ಆದರೆ ಅಜ್ಜಿ ಬಂದಿದ್ದಳೆಂದೂ ಹೇಳಲಾರೆನು. ಈ ಎರಡು ಮಾತುಗಳ ನಡುವೆ ಇರುವ ಅಂತರವನ್ನು ತಿಳಿಯುವದೇ ವಿವೇಕದ ಆರಂಭವು.

ಇದಕ್ಕೆ ನಮ್ಮ ವಿಜಯಪುರದಲ್ಲಿಯೇ ಒಳ್ಳೇ ದೃಷ್ಟಾಂತವುಂಟು. ೧೬೫೬ರಲ್ಲಿ ತೀರಿಕೊಂಡ ಮುಹಮ್ಮದ ಆದಿಲಶಾಹನ ಸಮಾಧಿಯಾದ ಗೋಳಗುಮ್ಮಟದ ಒಳಗಟ್ಟೆಯನ್ನು ಏರಿದವರೆಲ್ಲರೂ ಅದನ್ನು ಬಲ್ಲರು. ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ೧೨೦ ಅಡಿಗೂ ಹೆಚ್ಚು ದೂರದಲ್ಲಿ ಎದುರಿಗೆ ನಿಂತವನ ಕಿವಿಗೆ ಸ್ಪಷ್ಟವಾಗಿ ಕೇಳಿಸುವದು. ಒಮ್ಮೆ ಚಪ್ಪಾಳೆ ತಟ್ಟಿದರೆ ಅನೇಕ ಸಾರಿ ಮರಳಿ ಬರುವದು. ಏನೂ ಅರಿಯದ ಮಗುವನ್ನು ಅಲ್ಲಿ ನಿಲ್ಲಿಸಿದರೆ ಗೋಡೆಯೊಳಗೆ ಯಾರೋ ಇದ್ದಾರೆಂದು ಅದು ನಂಬುವದು. ಮಗುವಿನ ಕಿವಿ ಸುಳ್ಳು ಹೇಳಲಿಲ್ಲ. ಧ್ವನಿಯು ನಿಜವಾಗಿಯೂ ಬಂತು. ಯಾರು ಆಡಿದರೆಂಬದನ್ನು ಮಾತ್ರ ಕಿವಿಯು ತಾನಾಗಿ ತೀರ್ಮಾನಿಸಲಾರದು. ಹಾಗೆಯೇ ಮನಸ್ಸೆಂಬ ಗುಮ್ಮಟದಲ್ಲಿ ನಮ್ಮ ಭಯ, ಆಶೆ, ದುಃಖಗಳೇ ಅನೇಕ ಸಾರಿ ಬೇರೊಬ್ಬರ ಧ್ವನಿಯಾಗಿ ಮರಳಿ ಬರುವವು. ಎಲ್ಲವೂ ಹಾಗೆಂದು ನಾನು ಹೇಳುವದಿಲ್ಲ; ಹಾಗಿರಬಹುದೆಂಬದನ್ನು ಮರೆಯಬಾರದೆಂದು ಹೇಳುತ್ತೇನೆ.

ಆದರೆ ಒಬ್ಬನು ಹೀಗೆ ಕೇಳಬಹುದು: ಆ ಹೊತ್ತಿನಲ್ಲಿ ಉಂಟಾಗುವ ನಿಶ್ಚಯವು ಎಷ್ಟು ಬಲವಾದದ್ದು! ಅಷ್ಟು ನಿಶ್ಚಯವಾದದ್ದು ಸುಳ್ಳಾಗುವದು ಹೇಗೆ? ಇದಕ್ಕೆ ಉತ್ತರವಾಗಿ ಅಮೇರಿಕ ದೇಶದ ಬಾಸ್ಟನ್ ಪಟ್ಟಣದ ವೈದ್ಯನಾದ ಆಲಿವರ್ ವೆಂಡೆಲ್ ಹೋಮ್ಸನು ೧೮೭೦ರಲ್ಲಿ ಮಾಡಿದ ಭಾಷಣದಲ್ಲಿ ತನ್ನ ವಿಷಯವಾಗಿಯೇ ಹೇಳಿದ ಒಂದು ಸಂಗತಿಯನ್ನು ಕೇಳಿರಿ. ಅವನು ಒಮ್ಮೆ ಈಥರ್ ಎಂಬ ಔಷಧದ ಆವಿಯನ್ನು ಚೆನ್ನಾಗಿ ಸೇದಿದನು. ಆಗ ಅವನಿಗೆ ಲೋಕದ ಎಲ್ಲಾ ರಹಸ್ಯಗಳ ತೆರೆಯು ಸರಿದು, ಸಮಸ್ತ ಜ್ಞಾನದ ಮೂಲವಾದ ಒಂದು ಸತ್ಯವು ಹೊಳೆಯಿತಂತೆ. ಸ್ವಲ್ಪ ಎಚ್ಚರವಾಗುತ್ತಲೇ ತೂರಾಡುತ್ತಾ ಮೇಜಿನ ಬಳಿಗೆ ಹೋಗಿ ಅದನ್ನು ಬರೆದಿಟ್ಟನು. ಪೂರಾ ಎಚ್ಚರವಾದ ಮೇಲೆ ಓದಿದಾಗ, ಎಲ್ಲೆಲ್ಲಿಯೂ ಟರ್ಪೆಂಟೈನ್ ಎಣ್ಣೆಯ ವಾಸನೆ ಹಬ್ಬಿದೆ ಎಂಬಷ್ಟೇ ಅರ್ಥವು ಅದರಲ್ಲಿತ್ತು. ಇದನ್ನು ಓದಿ ನಗು ಬರುವದು ಸಹಜ; ಆದರೂ ಪಾಠವು ದೊಡ್ಡದು. ನಿಶ್ಚಯವೆಂಬದು ಒಂದು ಅನಿಸಿಕೆಯು. ಹಸಿವೆಯೂ ಭಯವೂ ಔಷಧದಿಂದ ಹುಟ್ಟಬಹುದಾದಂತೆ ನಿಶ್ಚಯವೂ ಔಷಧದಿಂದ ಹುಟ್ಟಬಹುದು. ನಮ್ಮ ಬೇಲಿಗಳಲ್ಲಿ ಬೆಳೆಯುವ ಮದಗುಣಿಕೆಯ ಬೀಜವು ಹೊಟ್ಟೆಗೆ ಹೋದರೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮನುಷ್ಯನು ಇಲ್ಲದವರ ಸಂಗಡ ಮಾತಾಡುವನು, ಪ್ರಾಣವೂ ಹೋಗಬಹುದು. ಅವನೂ ತನಗೆ ಕಾಣುವದು ನಿಜವೆಂದೇ ತಿಳಿದಿರುವನು.

ಹಾಗಾದರೆ ಎಲ್ಲಾ ದರ್ಶನಗಳನ್ನು ತಳ್ಳಿಬಿಡಬೇಕೋ? ಅದೂ ಸರಿಯಲ್ಲ. ಬೇರಿನಲ್ಲಿ ದೇಹದ ಕಾರಣವಿದ್ದರೆ ಫಲವು ಕೆಟ್ಟದೆಂದು ಹೇಳಲಾಗದು. ಈ ವಿಷಯದಲ್ಲಿ ಪರವಶತೆಯನ್ನು ಬಹಳವಾಗಿ ಗೌರವಿಸಿದ ಜನರೇ ಅದನ್ನು ಬಹಳವಾಗಿ ಪರೀಕ್ಷಿಸಿದರೆಂಬದು ಆಶ್ಚರ್ಯಕರವಾದದ್ದು. ವಿಜಯಪುರವು ಸೂಫಿ ಸಂತರ ಪಟ್ಟಣ; ೧೬೭೫ರಲ್ಲಿ ತೀರಿಕೊಂಡ ಅಮೀನುದ್ದೀನ್ ಆಲಾ ಎಂಬವರ ದರ್ಗಾ ಇಲ್ಲಿ ಪ್ರಸಿದ್ಧವಾಗಿದೆ. ದೇವರ ಸೆಳೆತದಿಂದ ಬುದ್ಧಿಯ ಹಿಡಿತ ತಪ್ಪಿದವರನ್ನು ಸೂಫಿಗಳು ಮಜ್ಜೂಬರೆಂದು ಕರೆದು ಆದರಿಸಿದರು. ಆದರೂ ಬಗ್ದಾದಿನ ಜುನೈದನೇ ಮೊದಲಾದ ಅವರ ಗುರುಗಳು ಅಮಲಿಗಿಂತ ಎಚ್ಚರವೇ ಮೇಲೆಂದು ಕಲಿಸಿದರು.

ಶರಣರಲ್ಲಿಯೂ ಹೀಗೆಯೇ. ಯೋಗದಿಂದ ವಜ್ರದೇಹವನ್ನು ಪಡೆದ ಗೋರಕ್ಷನನ್ನು ಕತ್ತಿಯಿಂದ ಹೊಡೆದಾಗ ಖಣಿಲೆಂದು ಸದ್ದಾಯಿತೆಂದೂ, ಅದನ್ನು ಅಲ್ಲಮಪ್ರಭುವು ಸಿದ್ಧಿಯೆಂದು ಒಪ್ಪಲಿಲ್ಲವೆಂದೂ ಶೂನ್ಯಸಂಪಾದನೆಯಲ್ಲಿ ಕಥೆಯುಂಟು. ಕಲ್ಯಾಣದಲ್ಲಿ ಅಕ್ಕಮಹಾದೇವಿಯಂಥವಳ ಅನುಭಾವವನ್ನು ಸಹ ಶರಣರ ಗೋಷ್ಠಿಯ ಮುಂದೆ ಪ್ರಶ್ನೆ ಮಾಡಿ ಪರೀಕ್ಷಿಸಿದರೆಂದೂ ಅದರಲ್ಲಿ ಹೇಳಿದೆ. ಒಬ್ಬನು ಒಂಟಿಯಾಗಿ ಕಂಡದ್ದು ಹಲವರ ಎಚ್ಚರದ ಮುಂದೆ ನಿಲ್ಲಬೇಕೆಂಬದೇ ಇದರ ತಾತ್ಪರ್ಯ. ಆ ವಚನಗಳ ಓಲೆಗಳನ್ನು ಹುಡುಕಿ ಅಚ್ಚುಮಾಡಿಸಿದ ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿಯೇ ವಕೀಲರಾಗಿದ್ದು, ೧೯೨೬ರಲ್ಲಿ ಹೊರಡಿಸಿದ ಪತ್ರಿಕೆಗೆ ಶಿವಾನುಭವ ಎಂಬ ಹೆಸರನ್ನೇ ಇಟ್ಟರು.

ಇದೇ ಜಿಲ್ಲೆಯ ನಿಂಬಾಳದಲ್ಲಿ ವಾಸವಾಗಿದ್ದು ೧೯೫೭ರಲ್ಲಿ ಅಲ್ಲಿಯೇ ತೀರಿಕೊಂಡ ಗುರುದೇವ ರಾನಡೆಯವರ ಉದಾಹರಣೆಯು ಇನ್ನೂ ಸಮೀಪದ್ದು. ೧೮೮೬ರಲ್ಲಿ ಜಮಖಂಡಿಯಲ್ಲಿ ಹುಟ್ಟಿ, ೧೯೦೧ರಲ್ಲಿ ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆ ಪಡೆದು, ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಆಚಾರ್ಯರಾಗಿದ್ದ ಇವರು ಧ್ಯಾನದಲ್ಲಿ ಕಾಣುವ ಬಣ್ಣ, ಬೆಳಕು, ನಾದಗಳ ವಿಷಯವನ್ನು ನಂಬಿಕೆಯಿಂದ ಬರೆದವರು. ಹೀಗಿದ್ದರೂ ಮಹಾರಾಷ್ಟ್ರದ ಸಂತರನ್ನು ಕುರಿತು ೧೯೩೩ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಅನುಭಾವಕ್ಕೆ ಬುದ್ಧಿಯ ಸ್ಪಷ್ಟತೆಯೂ ನಡತೆಯ ಶುದ್ಧಿಯೂ ಇರಬೇಕೆಂದು ಒತ್ತಿ ಹೇಳಿದರು. ಬೆಳಕನ್ನು ಕಂಡವನ ನಡತೆಯು ಕತ್ತಲೆಯಲ್ಲಿದ್ದರೆ ಆ ಬೆಳಕಿನಿಂದೇನು?

ಅಮೇರಿಕದ ತತ್ವಜ್ಞಾನಿಯಾದ ವಿಲಿಯಮ್ ಜೇಮ್ಸನು ೧೯೦೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅವಸ್ಥೆಗಳನ್ನು ವಿಸ್ತಾರವಾಗಿ ಪರಿಶೋಧಿಸಿ, ಇಂಥಾ ಅನುಭವಕ್ಕೆ ಅದನ್ನು ಹೊಂದಿದವನ ಮೇಲೆ ಅಧಿಕಾರವುಂಟು, ಆದರೆ ಹೊರಗಿರುವವರು ಅದನ್ನು ವಿಚಾರಿಸದೆ ಒಪ್ಪಬೇಕೆಂಬ ಕರ್ತವ್ಯವಿಲ್ಲ ಎಂದು ತೀರ್ಮಾನಿಸಿದನು. ಈ ತೀರ್ಮಾನವು ಯೋಗ್ಯವಾದದ್ದು. ಆದರೆ ನಮ್ಮ ಹಳ್ಳಿಗಳಿಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವದು ಅವಶ್ಯ. ಹೇಗಂದರೆ, ಪರವಶತೆಯಲ್ಲಿ ಬಂದ ಮಾತು ಯಾರ ಹೆಗಲ ಮೇಲೆ ಭಾರ ಹೊರಿಸುತ್ತದೆಂದು ನೋಡಬೇಕು. ಕಂಡವನು ತಾನೇ ಕುಡಿತವನ್ನು ಬಿಟ್ಟನೋ, ಹಗೆಯವನ ಮನೆಗೆ ತಾನೇ ಹೋಗಿ ಸಮಾಧಾನ ಮಾಡಿಕೊಂಡನೋ, ಸಾಲವನ್ನು ತೀರಿಸಿದನೋ, ಆಗ ನಾವು ತಲೆಬಾಗೋಣ. ಅದು ಎಲ್ಲಿಂದ ಬಂತೆಂದು ವಾದಿಸಬೇಕಾದದ್ದಿಲ್ಲ. ಆದರೆ ಕಂಡವನು ಒಬ್ಬನು, ಭಾರ ಹೊರುವವಳು ಮತ್ತೊಬ್ಬಳು ಎಂದಾದರೆ ಅಲ್ಲಿ ನಿಲ್ಲಬೇಕು.

ಈ ಭಾರವು ಎಂಥಾದ್ದೆಂಬದನ್ನು ನಮ್ಮ ಸೀಮೆಯು ಚೆನ್ನಾಗಿ ಬಲ್ಲದು. ಮಗುವಿನ ತಲೆಯಲ್ಲಿ ಜಡೆಗಟ್ಟಿತು, ಎಲ್ಲಮ್ಮನು ಕೇಳುತ್ತಾಳೆ ಎಂದು ಮೈದುಂಬಿದವರು ನುಡಿದ ಮಾತಿನಿಂದ ಎಷ್ಟೋ ಬಡ ಹೆಣ್ಣುಮಕ್ಕಳು ಮುತ್ತು ಕಟ್ಟಿಸಿಕೊಂಡು ಬಾಳನ್ನು ಕಳಕೊಂಡರು. ೧೯೮೨ರ ಕರ್ನಾಟಕದ ಕಾಯಿದೆಯು ಇಂಥಾ ಸಮರ್ಪಣೆಯನ್ನು ನಿಷೇಧಿಸಿತು. ದೆವ್ವ ಬಿಡಿಸುವ ನೆವದಿಂದ ಹೊಡೆದು ಹಿಂಸಿಸುವದನ್ನು ೨೦೧೭ರ ಇನ್ನೊಂದು ಕಾಯಿದೆಯು ಅಪರಾಧವೆಂದು ಎಣಿಸಿತು. ನುಡಿದವನಿಗೆ ಒಂದು ಗಳಿಗೆಯ ನಡುಕ. ಕೇಳಿದವಳಿಗೆ ಜೀವಮಾನದ ಕಣ್ಣೀರು. ಇದು ಯಾವ ತಕ್ಕಡಿಯಲ್ಲಿ ಸರಿದೂಗುವದು?

ರೋಗದ ವಿಷಯದಲ್ಲಿಯೂ ಹಾಗೆಯೇ. ಮೂರ್ಛೆರೋಗವು ಮೆದುಳಿನ ವಿದ್ಯುತ್ ಚಲನೆಯ ಏರುಪೇರಿನಿಂದ ಉಂಟಾಗುವದು. ಲೋಕದಲ್ಲಿ ಸುಮಾರು ೫ ಕೋಟಿ ಜನರಿಗೆ ಈ ರೋಗವಿದೆಯೆಂದೂ, ಸರಿಯಾದ ಔಷಧ ದೊರೆತರೆ ಅವರಲ್ಲಿ ನೂರಕ್ಕೆ ೭೦ ಮಂದಿಯ ವರೆಗೆ ಮೂರ್ಛೆಯಿಲ್ಲದೆ ಬದುಕಬಹುದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ತಿಳಿಸುತ್ತದೆ. ಬಿದ್ದು ಒದ್ದಾಡುವ ಮಗುವಿಗೆ ಗಾಳಿ ಸೋಕಿದೆಯೆಂದು ಹೇಳಿ ಮೂಗಿಗೆ ಚಪ್ಪಲಿ ಹಿಡಿಯುವವರೂ, ದೆವ್ವ ಹಿಡಿದಿದೆಯೆಂದು ಹೇಳಿ ಔಷಧವನ್ನು ಬಿಡಿಸಿ ಬರೇ ಪ್ರಾರ್ಥನೆಗೆ ಕೂರಿಸುವವರೂ ಒಂದೇ ಪಾಪದಲ್ಲಿ ಪಾಲುಗಾರರು. ಪ್ರಾರ್ಥಿಸಿರಿ, ಆದರೆ ಮಗುವನ್ನು ಆಸ್ಪತ್ರೆಗೆ ಕರಕೊಂಡು ಹೋಗುವ ಬಸ್ಸಿನಲ್ಲಿ ಕೂತು ಪ್ರಾರ್ಥಿಸಿರಿ. ಇಲ್ಲದ ಧ್ವನಿಗಳನ್ನು ದಿನದಿನವೂ ಕೇಳುವವರಿಗೂ ವೈದ್ಯರುಂಟು. ೨೦೨೨ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಎಂಬ ಸೇವೆಯವರು ೧೪೪೧೬ ಎಂಬ ಸಂಖ್ಯೆಗೆ ಫೋನ್ ಮಾಡಿದರೆ ಉಚಿತವಾಗಿ ಸಲಹೆ ಕೊಡುವರು.

ಸತ್ಯವೇದದಲ್ಲಿಯೇ ದರ್ಶನಗಳು ತುಂಬಿರುವಾಗ ನೀನು ಹೀಗೆ ಹೇಳಬಹುದೋ ಎಂದು ಸಹೋದರರು ಕೇಳಿಯಾರು. ಆ ದರ್ಶನಗಳನ್ನೇ ನೋಡೋಣ. ಪೌಲನು ಮೂರನೆಯ ಆಕಾಶದ ವರೆಗೆ ಒಯ್ಯಲ್ಪಟ್ಟ ಸಂಗತಿಯನ್ನು ಹದಿನಾಲ್ಕು ವರ್ಷಗಳಾದ ಮೇಲೆ, ಅದೂ ಒಲ್ಲದ ಮನಸ್ಸಿನಿಂದ, ಕೊರಿಂಥದವರಿಗೆ ಬರೆದನು. ದೇಹದೊಳಗಿದ್ದೆನೋ ಹೊರಗಿದ್ದೆನೋ ತನಗೆ ತಿಳಿಯದೆಂದು ಹೇಳಿದನು. ಆ ದರ್ಶನದ ಬಲದಿಂದ ಯಾರ ಮೇಲೂ ಒಂದು ಆಜ್ಞೆಯನ್ನೂ ಹೊರಿಸಲಿಲ್ಲ. ಅವನ ಪಾಲಿಗೆ ಉಳಿದದ್ದು ಶರೀರದಲ್ಲಿ ನಾಟಿದ ಒಂದು ಶೂಲವೇ. ಪೇತ್ರನು ಯೊಪ್ಪದಲ್ಲಿ ಹಸಿದು ಮಾಳಿಗೆಯ ಮೇಲಿದ್ದಾಗ ಪರವಶನಾಗಿ ಕಂಡ ದರ್ಶನವು, ಅನ್ಯರೆಂದು ದೂರವಿಟ್ಟವರ ಮನೆಯ ಬಾಗಿಲನ್ನು ಅವನಿಗೆ ತೆರೆಯಿತು. ಯೆರೂಸಲೇಮಿನ ಸಹೋದರರು ತಪ್ಪು ಹಿಡಿದಾಗ, ನನಗೆ ದರ್ಶನವಾಯಿತು, ನೀವು ಬಾಯಿ ಮುಚ್ಚಿರಿ ಎಂದು ಹೇಳದೆ ನಡೆದದ್ದನ್ನು ಕ್ರಮವಾಗಿ ವಿವರಿಸಿದನು. ಹೀಗೆ ಕಂಡವನು ಮೊದಲು ತಾನೇ ಬದಲಾದನು, ದುರ್ಬಲರ ಭಾರವು ಇಳಿಯಿತು, ವಿಚಾರಣೆಗೆ ಅವನು ಹೆದರಲಿಲ್ಲ. ಈ ಮೂರು ಗುರುತುಗಳಿಗಿಂತ ಹೆಚ್ಚಿನದನ್ನು ನಾವು ಕೇಳುವದಿಲ್ಲ. ಕಡಿಮೆಗೆ ಒಪ್ಪಲೂ ಬಾರದು.

ಆದಕಾರಣ ಪ್ರಿಯರೇ, ಮೈದುಂಬಿದವರನ್ನು ಕಂಡು ಗೇಲಿಮಾಡಬೇಡಿರಿ. ಅವರಲ್ಲಿ ಅನೇಕರು ಎಚ್ಚರವಿದ್ದಾಗ ಬಾಯಿಬಿಟ್ಟು ಹೇಳಲಾರದ ದುಃಖವನ್ನು ಆ ಹೊತ್ತಿನಲ್ಲಿ ಮಾತ್ರ ಹೇಳಬಲ್ಲವರು. ಅವರು ಎಚ್ಚರಗೊಂಡ ಮೇಲೆ ಹತ್ತಿರ ಕೂತು, ಮನೆಯಲ್ಲಿ ಏನು ಕಷ್ಟವೆಂದು ಕೇಳಿರಿ. ಅವರು ನುಡಿದ ಮಾತಿಗಾಗಿ ಒಂದು ಮಗುವಾಗಲಿ, ಒಬ್ಬ ವಿಧವೆಯಾಗಲಿ, ಒಬ್ಬ ರೋಗಿಯಾಗಲಿ ಬೆಲೆ ತೆರುವ ಸಮಯ ಬಂದರೆ ಮಾತ್ರ ಅಡ್ಡ ನಿಲ್ಲಿರಿ, ಆ ಮಾತು ಅಲಾಯಿ ಕುಣಿಯ ಬಳಿಯಲ್ಲಿ ಹೊರಟಿದ್ದರೂ ಸರಿಯೇ, ನಮ್ಮ ದೇವಾಲಯದ ಪೀಠದ ಮುಂದೆ ಹೊರಟಿದ್ದರೂ ಸರಿಯೇ. ದೇವರು ಮನುಷ್ಯನಿಗೆ ದರ್ಶನವನ್ನು ಕೊಟ್ಟಾನು, ಕೊಡದೆ ಇದ್ದಾನು; ಎಚ್ಚರವನ್ನಂತೂ ದಿನಾಲು ಬೆಳಿಗ್ಗೆ ಎಲ್ಲರಿಗೂ ಕೊಡುತ್ತಾನೆ. ಆ ವರವನ್ನು ಕೀಳೆಂದು ಎಣಿಸದೆ ಇರೋಣ.