ಗಾಲ್ಫ್ ಮೈದಾನದಲ್ಲಿ ಛಾಯಾಚಿತ್ರ: ಒಂದು ನೀತಿವಿಚಾರ

ಮನುಷ್ಯನ ದೊಡ್ಡ ತಪ್ಪುಗಳಿಗೆ ಶಾಸನಗಳಿವೆ, ದಂಡನೆಗಳಿವೆ. ಆದರೆ ಕ್ಷಣಮಾತ್ರದಲ್ಲಿ ನಡೆದುಹೋಗುವ, ಮಾಡಿದವರು ಯಾರೆಂದು ಯಾರಿಗೂ ತಿಳಿಯದ ಸಣ್ಣ ತಪ್ಪುಗಳನ್ನು ತಡೆಯುವವರು ಯಾರು? ಈ ಪ್ರಶ್ನೆಯನ್ನು ವಿಚಾರಿಸಲು ಗಾಲ್ಫ್ ಆಟದ ಮೈದಾನವು ಒಂದು ಒಳ್ಳೆಯ ದೃಷ್ಟಾಂತವನ್ನು ಒದಗಿಸುತ್ತದೆ. ಅಲ್ಲಿ ಛಾಯಾಚಿತ್ರ ತೆಗೆಯುವುದು ಯಾವಾಗ ಉಚಿತ, ಯಾವಾಗ ಅನುಚಿತ ಎಂಬ ವಿಷಯ ಮೇಲ್ನೋಟಕ್ಕೆ ಅತ್ಯಲ್ಪವೆನಿಸಬಹುದು. ಆದರೂ ಪರರ ಹಿತವನ್ನು ಕುರಿತ ಗಂಭೀರವಾದ ವಿವೇಚನೆಯೊಂದು ಅದರೊಳಗೆ ಅಡಗಿದೆ.

ಮೊದಲು ಆ ಆಟದ ಸ್ವರೂಪವನ್ನು ತಿಳಿಯಬೇಕು. ಕ್ರಿಕೆಟ್ಟಿನಲ್ಲಿ ಚೆಂಡು ದಾಂಡಿಗನ ಕಡೆಗೆ ಧಾವಿಸಿ ಬರುತ್ತದೆ. ಸುತ್ತಲಿನ ಕೋಲಾಹಲ ಎಡೆಬಿಡದೆ ಇರುವುದರಿಂದ ಅವನು ಅದಕ್ಕೆ ಒಗ್ಗಿಹೋಗಿರುತ್ತಾನೆ. ಗಾಲ್ಫಿನಲ್ಲಿ ಚೆಂಡು ನೆಲದ ಮೇಲೆ ನಿಶ್ಚಲವಾಗಿರುತ್ತದೆ. ಆಟಗಾರನು ದೂರವನ್ನೂ ಗಾಳಿಯನ್ನೂ ನೆಲದ ಇಳಿಜಾರನ್ನೂ ಲೆಕ್ಕಹಾಕಿ, ಮನಸ್ಸನ್ನು ಏಕಾಗ್ರಗೊಳಿಸಿ, ಒಂದೆರಡು ಕ್ಷಣಗಳಲ್ಲಿ ಮುಗಿದುಹೋಗುವ ಒಂದೇ ಬೀಸಿನಲ್ಲಿ ಅದನ್ನು ಹೊಡೆಯಬೇಕು. ಸಾವಿರಾರು ಜನ ನೆರೆದಿದ್ದರೂ ಆ ಹೊತ್ತಿಗೆ ಎಲ್ಲರೂ ಮೌನವಾಗುತ್ತಾರೆ. ಅಂಥ ಮೌನದ ನಡುವೆ ಕ್ಯಾಮೆರಾದ ಸದ್ದು ಎಷ್ಟೇ ಕ್ಷೀಣವಾಗಿದ್ದರೂ ಬೀಸುತ್ತಿರುವ ಕೈಯನ್ನು ಅಳುಕಿಸಬಲ್ಲದು. ತಪ್ಪಿದ ಹೊಡೆತವೂ ಎಣಿಕೆಗೆ ಸೇರಿಯೇ ಹೋಗುತ್ತದೆ. ಚಿತ್ರ ತೆಗೆದವನಾದರೋ ಜನಜಂಗುಳಿಯಲ್ಲಿ ಅಜ್ಞಾತನಾಗಿ ಉಳಿಯುತ್ತಾನೆ. ಲಾಭ ಒಬ್ಬನದು, ನಷ್ಟ ಇನ್ನೊಬ್ಬನದು. ಲಾಭ ಪಡೆದವನಿಗೆ ತಾನು ನಷ್ಟವುಂಟುಮಾಡಿದೆನೆಂಬ ಅರಿವೂ ಇರುವುದಿಲ್ಲ. ಇದೇ ಈ ತಪ್ಪಿನ ವೈಶಿಷ್ಟ್ಯ.

ಗಾಲ್ಫಿನ ನಿಯಮಾವಳಿಯ ಆರಂಭದಲ್ಲಿ ಶಿಷ್ಟಾಚಾರಕ್ಕೆಂದೇ ಪ್ರತ್ಯೇಕ ಭಾಗವೊಂದು ಬಹುಕಾಲ ಇದ್ದಿತು. 2019ರಲ್ಲಿ ಜಾರಿಗೆ ಬಂದ ಪರಿಷ್ಕೃತ ನಿಯಮಾವಳಿಯಲ್ಲಿ ಅದರ ಸಾರವನ್ನು 1.2ನೆಯ ನಿಯಮದಲ್ಲಿ ಸೇರಿಸಲಾಗಿದೆ. ಪ್ರಾಮಾಣಿಕವಾಗಿ ನಡೆದುಕೊಳ್ಳುವುದು, ಇತರರ ಬಗ್ಗೆ ಕಾಳಜಿ ವಹಿಸುವುದು, ಮೈದಾನವನ್ನು ಜೋಪಾನ ಮಾಡುವುದು—ಇವು ಅದು ಆಟಗಾರರಿಂದ ನಿರೀಕ್ಷಿಸುವ ಮೂರು ಗುಣಗಳು. ಛಾಯಾಚಿತ್ರದ ಶಿಷ್ಟಾಚಾರವೆಲ್ಲ ಈ ಮೂರರಿಂದಲೇ ಹೊರಡುತ್ತದೆ. ಆಟಗಾರನು ಹೊಡೆಯಲು ಸಿದ್ಧನಾದ ಮೇಲೆ ಕ್ಯಾಮೆರಾವನ್ನು ಎತ್ತದಿರುವುದು; ಅವನ ದೃಷ್ಟಿ ಹಾಯುವ ನೇರದಲ್ಲಿ, ಚೆಂಡಿನ ಹಿಂದೆ ಅಥವಾ ಕುಳಿಯ ಹಿಂದೆ ನಿಲ್ಲದಿರುವುದು; ಚೆಂಡು ಹಾರಿದ ಮೇಲಷ್ಟೇ ಚಿತ್ರ ತೆಗೆಯುವುದು; ಫ್ಲಾಷ್ ಬೆಳಕನ್ನು ಬಳಸದಿರುವುದು; ಒಳ್ಳೆಯ ಕೋನದ ಆಸೆಗೆ ಮರಳುಗುಂಡಿಗೆ ಇಳಿದು ಅಥವಾ ಕುಳಿಯ ಸುತ್ತಲಿನ ನುಣುಪಾದ ಹುಲ್ಲನ್ನು ತುಳಿದು ಹೆಜ್ಜೆಗುರುತು ಬಿಡದಿರುವುದು; ಹಿಂದೆ ಬರುತ್ತಿರುವ ತಂಡವನ್ನು ಕಾಯಿಸದಿರುವುದು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಹಣ ತೆತ್ತು ಬಂದ ಪ್ರೇಕ್ಷಕನಿಗೆ ತಾನು ಕಂಡದ್ದರ ನೆನಪನ್ನು ಉಳಿಸಿಕೊಳ್ಳುವ ಹಕ್ಕಿಲ್ಲವೆ? ಇದೆ. ಆದರೆ ಆ ಹಣ ಆಟವನ್ನು ನೋಡುವುದಕ್ಕೆ ಕೊಟ್ಟದ್ದು. ಆಟವನ್ನು ಕೆಡಿಸುವ ಹಕ್ಕು ಅದರೊಡನೆ ಬರುವುದಿಲ್ಲ. ತಾನು ಯಾವುದನ್ನು ನೆನಪಿನಲ್ಲಿಡಲು ಬಯಸುತ್ತಾನೋ ಅದನ್ನೇ ಭಂಗಗೊಳಿಸಿ ಪಡೆದ ಚಿತ್ರಕ್ಕೆ ಏನು ಬೆಲೆ?

ಈ ಹಕ್ಕು ಮತ್ತು ಹೊಣೆಗಳ ನಡುವಣ ತೊಡಕನ್ನು ಬೇರೆ ಬೇರೆ ಸಂಸ್ಥೆಗಳು ಬೇರೆ ಬೇರೆ ರೀತಿಯಲ್ಲಿ ಬಿಡಿಸಲು ಯತ್ನಿಸಿವೆ. ಅಮೆರಿಕದ ಆಗಸ್ಟಾದಲ್ಲಿ ನಡೆಯುವ ಮಾಸ್ಟರ್ಸ್ ಸ್ಪರ್ಧೆಗೆ ಮುಂಚಿನ ಅಭ್ಯಾಸದ ದಿನಗಳಲ್ಲಿ ಮಾತ್ರ ಪ್ರೇಕ್ಷಕರು ಕ್ಯಾಮೆರಾ ತರಬಹುದು. ಸ್ಪರ್ಧೆಯ ನಾಲ್ಕು ದಿನಗಳಲ್ಲಿ ಅದಕ್ಕೆ ಪ್ರವೇಶವಿಲ್ಲ, ಮೊಬೈಲಿಗಂತೂ ಯಾವ ದಿನವೂ ಇಲ್ಲ. ಬ್ರಿಟನ್ನಿನ ಓಪನ್ ಸ್ಪರ್ಧೆ 2006ರಲ್ಲಿ ಹಾಯ್‌ಲೇಕಿನಲ್ಲಿ ನಡೆದಾಗ ಪ್ರೇಕ್ಷಕರ ಮೊಬೈಲು, ಕ್ಯಾಮೆರಾಗಳಿಂದ ಆಟಗಾರರಿಗೆ ಬಹಳ ಕಿರುಕುಳವಾಯಿತು. ಆ ಬಳಿಕ ಅಲ್ಲಿ ಮೊಬೈಲನ್ನು ನಿಷೇಧಿಸಿದರು. 2012ರಲ್ಲಿ ಮತ್ತೆ ಬಿಟ್ಟರು. ಅಮೆರಿಕದ ಪಿಜಿಎ ಟೂರ್ 2011ರಲ್ಲಿ ಮೊಬೈಲಿಗೆ ಅವಕಾಶವಿತ್ತು, 2017ರಲ್ಲಿ ಸ್ಪರ್ಧೆಯ ದಿನಗಳಲ್ಲಿಯೂ ಪ್ರೇಕ್ಷಕರು ಚಿತ್ರ ತೆಗೆಯಬಹುದೆಂದಿತು. ನಿಷೇಧದಿಂದ ಶಾಂತಿ ಸುಲಭವಾಗಿ ದೊರೆಯುತ್ತದೆ. ಆದರೆ ಕ್ಯಾಮೆರಾ ಕೈಯಲ್ಲಿಲ್ಲದವನು ಸುಮ್ಮನಿದ್ದರೆ ಅದು ಅವನ ಸಂಯಮವೆನಿಸುವುದಿಲ್ಲ. ಕೈಯಲ್ಲಿದ್ದೂ ಎತ್ತದವನಿಗೆ ಮಾತ್ರ ಆ ಮಾತು ಸಲ್ಲುತ್ತದೆ.

ತಪ್ಪನ್ನು ಕಂಡು ಕೆರಳುವವರಿಗೂ ಇಲ್ಲಿ ಒಂದು ಪಾಠವಿದೆ. 2002ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಸ್ಪರ್ಧೆಯಲ್ಲಿ ಟೈಗರ್ ವುಡ್ಸ್ ಅವರು ಚೆಂಡನ್ನು ಹೊಡೆಯುತ್ತಿದ್ದಾಗ ಪ್ರೇಕ್ಷಕನೊಬ್ಬ ಚಿತ್ರ ತೆಗೆದನು. ವುಡ್ಸ್ ಅವರ ಕ್ಯಾಡಿ ಆ ಕ್ಯಾಮೆರಾವನ್ನು ಕಿತ್ತು ಕೊಳಕ್ಕೆ ಎಸೆದನು. ಮೊದಲನೆಯವನದು ಅಜಾಗರೂಕತೆ, ಎರಡನೆಯವನದು ಕ್ರೋಧ. ಒಂದರಿಂದ ಇನ್ನೊಂದು ನ್ಯಾಯವಾಗಲಿಲ್ಲ.

ಇಂದಿನ ಮೊಬೈಲುಗಳು ಸದ್ದಿಲ್ಲದೆ ಚಿತ್ರ ತೆಗೆಯುತ್ತವೆ. ಇನ್ನು ಸಮಸ್ಯೆ ಎಲ್ಲಿದೆ ಎಂದು ಕೆಲವರು ಕೇಳಬಹುದು. ಸದ್ದು ಅಡಗಿದರೂ ಮೇಲೆತ್ತಿದ ಕೈ ಹಿಂದಿನವರ ನೋಟಕ್ಕೆ ಅಡ್ಡವಾಗುತ್ತದೆ, ಅಲುಗಾಟ ಆಟಗಾರನ ಕಣ್ಣಿಗೆ ಬೀಳುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವಿದೆ. ಬಿಡುವಿನ ದಿನ ಗೆಳೆಯರೊಡನೆ ಆಡಲು ಬಂದ ಸಾಮಾನ್ಯನೊಬ್ಬ ಹೊಡೆತ ತಪ್ಪಿ ಮುಗ್ಗರಿಸಿದ ದೃಶ್ಯವನ್ನು ಅವನಿಗೆ ತಿಳಿಯದಂತೆ ಸೆರೆಹಿಡಿದು, ನಗೆಗಾಗಿ ನಾಲ್ವರಿಗೆ ಕಳುಹಿಸುವುದು ಈಗ ಬಹು ಸುಲಭ. ಅಲ್ಲಿ ಯಾವ ಸದ್ದೂ ಆಗಲಿಲ್ಲ, ಯಾವ ನಿಯಮವೂ ಮುರಿಯಲಿಲ್ಲ. ಆದರೂ ಒಬ್ಬನ ಮಾನಕ್ಕೆ ಕುಂದುಂಟಾಯಿತು.

ಹಾಗಾದರೆ ಚಿತ್ರವನ್ನೇ ತೆಗೆಯಬಾರದೆ? ಹಾಗೆಂದರೆ ಅದು ಅತಿಯಾದೀತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನ ಹಳೆಯ ಮೈದಾನದಲ್ಲಿ, ಹದಿನೆಂಟನೆಯ ಕುಳಿಯ ಹಾದಿಯಲ್ಲಿ, ಸ್ವಿಲ್ಕನ್ ತೊರೆಗೆ ಅಡ್ಡಲಾಗಿ ಚಿಕ್ಕದೊಂದು ಕಲ್ಲುಸೇತುವೆಯಿದೆ. 2005ರ ಓಪನ್ ಸ್ಪರ್ಧೆಯಲ್ಲಿ, ಆ ಸ್ಪರ್ಧೆಗೆ ವಿದಾಯ ಹೇಳುತ್ತಿದ್ದ ಜ್ಯಾಕ್ ನಿಕ್ಲಾಸ್ ಅವರು ಆ ಸೇತುವೆಯ ಮೇಲೆ ತಾವಾಗಿ ನಿಂತು ಜನರತ್ತ ಕೈಬೀಸಿದರು. ಅಸಂಖ್ಯ ಕ್ಯಾಮೆರಾಗಳು ಆ ನೋಟವನ್ನು ಸೆರೆಹಿಡಿದವು. ಯಾರಿಗೂ ನೋವಾಗಲಿಲ್ಲ, ಏಕೆಂದರೆ ಆ ಚಿತ್ರ ಅವರೇ ಕೊಟ್ಟದ್ದು. ಸಾಮಾನ್ಯವಾಗಿ ಭಾನುವಾರಗಳಲ್ಲಿ ಆ ಮೈದಾನದಲ್ಲಿ ಆಟವಿರುವುದಿಲ್ಲ. ಊರಿನವರೂ ಪ್ರವಾಸಿಗಳೂ ಅಲ್ಲಿ ನಿಶ್ಚಿಂತೆಯಿಂದ ಅಡ್ಡಾಡಿ ಅದೇ ಸೇತುವೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಕೊಟ್ಟದ್ದನ್ನು ಪಡೆಯುವುದು ಬೇರೆ, ಕೊಡದಿದ್ದುದನ್ನು ತೆಗೆದುಕೊಳ್ಳುವುದು ಬೇರೆ. ಈ ವಿವೇಕವಿದ್ದಲ್ಲಿ ಉಳಿದ ನಿಯಮಗಳು ತಾವಾಗಿ ಹೊಳೆಯುತ್ತವೆ.

ಆಗಸ್ಟಾ ಮೈದಾನದ ಸ್ಥಾಪಕರಲ್ಲಿ ಒಬ್ಬರಾದ ಬಾಬಿ ಜೋನ್ಸ್ ಅವರು, ಈ ಆಟದಲ್ಲಿ ಶಿಷ್ಟಾಚಾರವು ಆಟದ ನಿಯಮಗಳಷ್ಟೇ ಮುಖ್ಯವೆಂದು 1967ರಲ್ಲಿ ಪ್ರೇಕ್ಷಕರಿಗೆ ಬರೆದರು. ಹಾಗೆ ಹೇಳುವ ಅಧಿಕಾರ ಅವರಿಗಿತ್ತು. 1925ರ ಅಮೆರಿಕದ ಓಪನ್ ಸ್ಪರ್ಧೆಯಲ್ಲಿ ಅವರು ಹೊಡೆಯಲು ಅಣಿಯಾಗುತ್ತಿದ್ದಾಗ ಚೆಂಡು ಕೂದಲೆಳೆಯಷ್ಟು ಅಲುಗಿತು. ಬೇರೆ ಯಾರೂ ಅದನ್ನು ಕಾಣಲಿಲ್ಲ. ಆದರೂ ಅವರು ತಮಗೆ ತಾವೇ ಒಂದು ಹೊಡೆತದ ದಂಡ ವಿಧಿಸಿಕೊಂಡರು. ಕೊನೆಯಲ್ಲಿ ಇಬ್ಬರ ಎಣಿಕೆ ಸಮವಾಗಿ, ಮರುಪಂದ್ಯದಲ್ಲಿ ಜೋನ್ಸ್ ಸೋತರು. ಆ ಒಂದು ಹೊಡೆತವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಮರುಪಂದ್ಯವೇ ಬೇಕಿರಲಿಲ್ಲ, ಪ್ರಶಸ್ತಿ ಅವರದಾಗುತ್ತಿತ್ತು.

ಆಟಗಾರನಿಂದ ಈ ಬಗೆಯ ಪ್ರಾಮಾಣಿಕತೆಯನ್ನು ಬಯಸುವ ಆಟವು ಪ್ರೇಕ್ಷಕನಿಂದಲೂ ಅದನ್ನೇ ಬಯಸುತ್ತದೆ. ಗುಂಪಿನಲ್ಲಿ ತನ್ನನ್ನು ಗುರುತಿಸುವವರಿಲ್ಲವೆಂದು ತಿಳಿದೂ, ಕ್ಯಾಮೆರಾವನ್ನು ಕೆಳಗಿಳಿಸಿ, ಚೆಂಡು ಹಾರುವವರೆಗೆ ಉಸಿರು ಬಿಗಿಹಿಡಿದು ನಿಲ್ಲುವ ಅಜ್ಞಾತ ವ್ಯಕ್ತಿಯನ್ನು ಯಾರೂ ಹೊಗಳುವುದಿಲ್ಲ. ಅವನ ಬಳಿ ತೋರಿಸಲು ಚಿತ್ರವೂ ಇರುವುದಿಲ್ಲ. ಆದರೂ ಅವನು ಆ ಹೊಡೆತವನ್ನು ತನ್ನ ಕಣ್ಣುಗಳಿಂದಲೇ ಪೂರ್ಣವಾಗಿ ಕಂಡಿರುತ್ತಾನೆ, ಮತ್ತು ಅವನಿಂದ ಯಾರಿಗೂ ಕೇಡಾಗಿರುವುದಿಲ್ಲ. ಯಾರೂ ನೋಡದಿರುವಾಗ ಪರರ ಏಕಾಗ್ರತೆಯನ್ನು ಕಾಪಾಡಿದವನಿಗೆ ಅಷ್ಟೇ ಸಾಕಾದ ಪ್ರತಿಫಲ.