ಸತ್ತ ಗೆಳೆಯನ ಬೀಗದ ಕೈ

ಸತ್ತವನ ಪಾಸ್‌ವರ್ಡು ಗೊತ್ತು ಅಂದ ಮಾತ್ರಕ್ಕೆ ಅವನ ಮಾತಿನ ಮೇಲೆ ನಮಗೆ ಹಕ್ಕು ಬಂತೆ?

ನಮ್ಮ ಮುತ್ತಜ್ಜಂದಿರು ಬಿಟ್ಟುಹೋದದ್ದು ಒಂದು ಕಂಬಳಿ, ಒಂದು ತಮಟೆ, ಒಂದಿಷ್ಟು ಸಾಲ. ಅಕ್ಷರ ಇರಲಿಲ್ಲ. ಹೆಬ್ಬೆಟ್ಟಿನ ಗುರುತಿತ್ತು, ಅದೂ ಸಾಹುಕಾರನ ಪೆಟ್ಟಿಗೆಯಲ್ಲಿ. ಇವತ್ತು ನಮ್ಮ ಹುಡುಗರ ಬರಹ ಫೇಸ್‌ಬುಕ್ಕಿನಲ್ಲಿದೆ. ಹುಡುಗ ಸತ್ತ ವಾರಕ್ಕೇ ನೆಂಟರು ಬರ್ತಾರೆ: 'ಆ ಜಾತಿಗೀತಿ ಅಂತ ಬೈದದ್ದೆಲ್ಲ ಅಳಿಸಿಬಿಡಪ್ಪ, ತಂಗಿ ಮದುವೆ ಆಗ್ಬೇಕು.' ಅವರ ಅಂಜಿಕೆ ಸುಳ್ಳಲ್ಲ. ಆದರೆ ಆ ಸಿಟ್ಟು ಸಾಕ್ಷಿ. 2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ತೀರಿಕೊಂಡ. ಅವನ ಫೇಸ್‌ಬುಕ್ ಬರಹಗಳು ಆಮೇಲೆ ಪುಸ್ತಕವಾದವು. ಯಾರಾದರೂ ಅಂಜಿ ಅಳಿಸಿದ್ದರೆ?

ಬಾಬಾಸಾಹೇಬರು ತೀರಿಕೊಂಡದ್ದು 1956ರಲ್ಲಿ. ಅವರ ಬರಹಗಳ ಸಂಪುಟಗಳನ್ನು ಮಹಾರಾಷ್ಟ್ರ ಸರ್ಕಾರ ತರಲು ಶುರುಮಾಡಿದ್ದು 1979ರಲ್ಲಿ. ಅಲ್ಲಿಯತನಕ ಎಷ್ಟೋ ಹಸ್ತಪ್ರತಿ ಪೆಟ್ಟಿಗೆಯಲ್ಲೇ ಇದ್ದವು. ಪೆಟ್ಟಿಗೆ ಕಾಯುತ್ತದೆ, ಕಂಪನಿ ಕಾಯುವುದಿಲ್ಲ. ಎರಡು ವರ್ಷ ಮುಟ್ಟದ ಖಾತೆಯನ್ನು ಗೂಗಲ್ ಅಳಿಸಬಹುದು. ಆದ್ದರಿಂದ ಇಳಿಸಿಟ್ಟುಕೊಳ್ಳಬೇಕು.

ಹಾಗಂತ ಎಲ್ಲವನ್ನೂ ಬಯಲಿಗಿಡುವುದು ಸಲ್ಲ. ಅವನು ಊರ ಮುಂದೆ ಆಡಿದ ಮಾತು ಊರಿನದು. ಇನ್‌ಬಾಕ್ಸಿನಲ್ಲಿ ಒಬ್ಬಳು ನಂಬಿ ಬರೆದದ್ದು ಅವಳದು, ಅವಳಿನ್ನೂ ಬದುಕಿದ್ದಾಳೆ. ಫೇಸ್‌ಬುಕ್ಕಿನಲ್ಲಿ ಮೊದಲೇ ವಾರಸುದಾರನನ್ನು ಹೆಸರಿಸಿಟ್ಟರೂ ಅವನಿಗೆ ಆ ಪತ್ರಗಳು ತೆರೆಯುವುದಿಲ್ಲ. ಇಷ್ಟು ಮರ್ಯಾದೆ ಯಂತ್ರಕ್ಕಿದೆ, ನಮಗಿರಬೇಡವೆ? ಚಳವಳಿಗೆ ಲಾಭವಾದರೂ ಅವನ ಹೆಸರಲ್ಲಿ ಒಂದಕ್ಷರ ಹೊಸದಾಗಿ ಬರೆಯಬಾರದು. ನಮ್ಮ ಪರವಾಗಿ ಬೇರೆಯವರು ಮಾತಾಡಿದ್ದು ಸಾಕಾಗಿದೆ.

ಗೆಳೆಯರೆ, ಬದುಕಿರುವಾಗಲೇ ಒಬ್ಬರಿಗೆ ಹೇಳಿಡಿ: ಯಾವುದು ಉಳಿಯಬೇಕು, ಯಾವುದು ನಿಮ್ಮ ಜೊತೆಗೇ ಮಣ್ಣಾಗಬೇಕು.